ಕೆಂಪು ಗಿಟಾರಿನ ಮೇಲೊಂದು ಸಹಿ

ನ್ಯಾಯಾಲಯಕ್ಕೆ ಬರುವ ವ್ಯಾಜ್ಯಗಳಲ್ಲಿ ಅರ್ಧದಷ್ಟು ಸಹಿಯಿಂದಲೇ ಹುಟ್ಟುತ್ತವೆ ಎಂದು ನನಗೆ ವೃತ್ತಿ ಕಲಿಸಿದ ಹಿರಿಯ ವಕೀಲರು ಹೇಳುತ್ತಿದ್ದರು. ಸಹಿ ನನ್ನದಲ್ಲ ಎನ್ನುವವರು, ಸಹಿ ನನ್ನದೇ ಆದರೆ ಓದದೆ ಹಾಕಿದ್ದು ಎನ್ನುವವರು, ಹಾಕಿದಾಗ ಮೇಲೆ ಏನೂ ಬರೆದಿರಲಿಲ್ಲ ಎನ್ನುವವರು, ಹೀಗೆ ಇಪ್ಪತ್ತು ವರ್ಷಗಳಿಂದ ಬಗೆಬಗೆಯ ಸಹಿಗಳನ್ನು ನೋಡುತ್ತ ಬಂದಿದ್ದೇನೆ. ಆದರೆ 2025ರ ಮಳೆಗಾಲದ ಒಂದು ಭಾನುವಾರ ನನ್ನ ಮೇಜಿನ ಮೇಲೆ ಬಂದು ಕುಳಿತ ಸಹಿ ಯಾವ ಕಾಗದದ ಮೇಲೂ ಇರಲಿಲ್ಲ. ಅದು ಒಂದು ಕೆಂಪು ಗಿಟಾರಿನ ತಲೆಯ ಮೇಲಿತ್ತು.

ತಂದವನು ನನ್ನ ಅಕ್ಕನ ಮಗ. ಕಾಸರಗೋಡಿನ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿ. ಶಾಲೆಯ ಯಕ್ಷಗಾನ ತಂಡದಲ್ಲಿ ಚೆಂಡೆ ಬಾರಿಸುತ್ತಾನೆ. ಊರಿನ ಆಟ, ಕೂಟಗಳಲ್ಲಿ ಆಗಾಗ ಸಿಕ್ಕಿದ ಸಂಭಾವನೆ, ಹಬ್ಬಕ್ಕೆ ಹಿರಿಯರು ಕೊಟ್ಟದ್ದು, ಎಲ್ಲ ಸೇರಿ ಎರಡು ವರ್ಷಗಳಲ್ಲಿ 14,000 ರೂಪಾಯಿ ಕೂಡಿಟ್ಟಿದ್ದ. ಅದಷ್ಟನ್ನೂ ಕೊಟ್ಟು ಅಕ್ಕನ ಫೋನಿನ ಮೂಲಕ ಆ ಗಿಟಾರನ್ನು ತರಿಸಿಕೊಂಡಿದ್ದ. ತರಿಸಿ ಒಂಬತ್ತು ದಿನಗಳಾಗಿದ್ದವು.

“ಮಾವ, ಈ ಸಹಿ ಅಸಲಿಯಾ ನಕಲಿಯಾ, ಸ್ವಲ್ಪ ನೋಡಿ ಹೇಳಬಹುದಾ?” ಎಂದು ಕೇಳಿದ. ಕೇಳುವಾಗ ಅವನ ದೃಷ್ಟಿ ನೆಲದ ಮೇಲಿತ್ತು. ಉತ್ತರ ಅವನಿಗೆ ಮೊದಲೇ ತಿಳಿದಿತ್ತೆಂದು ನನಗೆ ಆಗಲೇ ಅನ್ನಿಸಿತು.

ಗಿಟಾರಿನ ಬಿರಡೆಗಳು ತಿರುಗಿಸಿದಲ್ಲಿ ನಿಲ್ಲುತ್ತಿರಲಿಲ್ಲ. ಕುತ್ತಿಗೆಯ ಅಂಚಿನಲ್ಲಿ ಮೆಟ್ಟಿಲುಗಳ ತುದಿ ಹೊರಚಾಚಿ ಅವನ ಅಂಗೈಯಲ್ಲಿ ಸಣ್ಣ ಗೀರುಗಳನ್ನು ಮಾಡಿತ್ತು. ಪೆಟ್ಟಿಗೆಯಲ್ಲಿ ಬಿಲ್ಲು ಇರಲಿಲ್ಲ. ಯಾವ ದೇಶದಲ್ಲಿ ತಯಾರಾದದ್ದೆಂಬ ಚೀಟಿಯೂ ಇರಲಿಲ್ಲ. ಆದರೆ ಸಹಿ ಮಾತ್ರ ಬಲು ಅಂದವಾಗಿತ್ತು: ಟೋನಿ ಅಯೋಮಿ.

ಹೆಸರಿನ ಹಿಂದಿನ ಬೆರಳುಗಳು

ಆ ಹೆಸರನ್ನು ನಾನು ಕೇಳಿದ್ದೆನಷ್ಟೆ. ವಿವರಗಳನ್ನು ಓದಿಕೊಂಡದ್ದು ಆ ವಾರ.

ಅಯೋಮಿ ಹುಟ್ಟಿದ್ದು 1948ರ ಫೆಬ್ರವರಿ 19ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಇಟಲಿ ಮೂಲದ ಕುಟುಂಬವೊಂದರಲ್ಲಿ. ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಪಟ್ಟಣ. ಲೋಹವನ್ನು ಕತ್ತರಿಸಿ, ಬಡಿದು, ಬಾಗಿಸಿ ಬದುಕಿದ ಊರು. ಹದಿನೇಳನೆಯ ವಯಸ್ಸಿನಲ್ಲಿ ಅವರು ಅಂತಹ ಒಂದು ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗಿಟಾರು ವಾದನವನ್ನೇ ವೃತ್ತಿಯನ್ನಾಗಿ ಮಾಡಿಕೊಳ್ಳಲು ನಿರ್ಧರಿಸಿ ಆ ಕೆಲಸ ಬಿಡಲು ಹೊರಟಿದ್ದರು. ಕೆಲಸದ ಕೊನೆಯ ದಿನ ಯಂತ್ರದಡಿ ಕೈ ಸಿಕ್ಕಿ, ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳುಗಳ ತುದಿಗಳು ತುಂಡಾದವು. ಅದು 1965ನೆಯ ಇಸವಿ.

ಬಲಗೈ ತಾನೆ, ತಂತಿ ಒತ್ತುವುದು ಎಡಗೈಯಲ್ಲವೆ ಎಂದು ಯಾರಾದರೂ ಕೇಳಬಹುದು. ಅಯೋಮಿ ಎಡಚರು. ಅವರು ಮೀಟುವುದು ಎಡಗೈಯಿಂದ. ತಂತಿ ಒತ್ತುವುದು ಬಲಗೈಯಿಂದ. ಹಾಗಾಗಿ ಹೋದದ್ದು ಸ್ವರ ಹಿಡಿಯುವ ಬೆರಳುಗಳೇ.

ಇಲ್ಲಿ ನನ್ನ ವೃತ್ತಿಯ ಒಂದು ಲೆಕ್ಕವನ್ನು ಹೇಳಬೇಕು. ನಮ್ಮ ದೇಶದಲ್ಲಿ 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾಯ್ದೆಗೆ ಒಂದು ಅನುಸೂಚಿಯಿತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋದಂತೆ ಎಂಬುದನ್ನು ಅದು ಸಾಲುಸಾಲಾಗಿ ಹೇಳುತ್ತಿತ್ತು. ನಡುಬೆರಳಿನ ಒಂದು ಗೆಣ್ಣು ಹೋದರೆ ಶೇಕಡಾ 7, ಉಂಗುರ ಬೆರಳಿನ ಒಂದು ಗೆಣ್ಣು ಹೋದರೆ ಶೇಕಡಾ 5. ಅಪಘಾತದ ಕಡತಗಳಲ್ಲಿ ಈ ಅಂಕೆಗಳನ್ನು ನಾನು ಅದೆಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಗೆಣ್ಣಿನಂತೆ ಹಿಡಿದರೆ ಆ ಹುಡುಗನ ನಷ್ಟ ಶೇಕಡಾ 12. ಕೂಲಿಯ ಕೆಲಸಕ್ಕೆ ಈ ಲೆಕ್ಕ ಸರಿಯಿರಬಹುದು. ಆದರೆ ಗಿಟಾರು ನುಡಿಸುವವನಿಗೆ ಅದು ನೂರಕ್ಕೆ ನೂರು. ವೈದ್ಯರು ಕೂಡ ಇನ್ನು ವಾದನದ ಆಸೆ ಬಿಡು ಎಂದೇ ಹೇಳಿದ್ದರಂತೆ.

ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಅವರನ್ನು ನೋಡಲು ಬಂದು ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿದರು. ಅದು ಜಾಂಗೊ ರೈನ್‌ಹಾರ್ಟ್ ಎಂಬ ಜಾಜ್ ಗಿಟಾರು ವಾದಕರದು. 1928ರಲ್ಲಿ ತಾವು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದು ಜಾಂಗೊ ಅವರ ಎಡಗೈಯ ಎರಡು ಬೆರಳುಗಳು ಸೊಟ್ಟಾಗಿ ಬಿಗಿದುಹೋಗಿದ್ದವು. ಉಳಿದೆರಡು ಬೆರಳುಗಳಿಂದಲೇ ಅವರು ನುಡಿಸುತ್ತಿದ್ದರು. ಅದನ್ನು ಕೇಳಿದ ಅಯೋಮಿ ಮನೆಗೆ ಬಂದು ಪಾತ್ರೆ ತೊಳೆಯುವ ಸಾಬೂನು ದ್ರವದ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ, ಉಂಡೆ ಮಾಡಿ, ಬಿಸಿ ಕಬ್ಬಿಣದಿಂದ ತೂತು ಕೊರೆದು ಎರಡು ಬೆರಳ ಟೊಪ್ಪಿಗಳನ್ನು ಮಾಡಿಕೊಂಡರು. ತಂತಿಯ ಮೇಲೆ ಪ್ಲಾಸ್ಟಿಕ್ ಜಾರುತ್ತಿದ್ದುದರಿಂದ ಹಳೆಯ ಅಂಗಿಯೊಂದರ ಚರ್ಮವನ್ನು ಕತ್ತರಿಸಿ ಅಂಟಿಸಿದರು. ಟೊಪ್ಪಿ ತೊಟ್ಟ ಬೆರಳಿಗೆ ಗಟ್ಟಿ ತಂತಿ ಬಗ್ಗದು. ಆಗ ಪೇಟೆಯಲ್ಲಿ ತೆಳು ತಂತಿಯ ಜೋಡಣೆ ಸಿಗುತ್ತಿರಲಿಲ್ಲವಾದ್ದರಿಂದ ಬ್ಯಾಂಜೊ ವಾದ್ಯದ ತಂತಿಗಳನ್ನು ತಂದು ಕಟ್ಟಿದರು.

ಇಷ್ಟೆಲ್ಲ ಮಾಡಿಕೊಂಡ ಮೇಲೆ ತಮ್ಮ ಊರಿನ ಮೂವರು ಗೆಳೆಯರೊಂದಿಗೆ ಕಟ್ಟಿದ ತಂಡವೇ ‘ಬ್ಲ್ಯಾಕ್ ಸಬತ್’. ಅದರ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13ರಂದು ಹೊರಬಂತು. ಹೆವಿ ಮೆಟಲ್ ಎಂಬ ಸಂಗೀತಪ್ರಕಾರದ ಹುಟ್ಟನ್ನು ಬಹುಮಂದಿ ಅಲ್ಲಿಂದಲೇ ಎಣಿಸುತ್ತಾರೆ.

ಶ್ರುತಿ ಇಳಿಸಿದ ಕಾರಣ

ಮೆಟಲ್ ಎಂದರೆ ಬರಿಯ ಗದ್ದಲ ಎಂದು ನಮ್ಮಲ್ಲಿ ಹೆಚ್ಚಿನವರ ಭಾವನೆ. ಅಕ್ಕನ ಮಾತಿನಲ್ಲಿ ಹೇಳುವುದಾದರೆ ‘ತಗಡು ಬಡಿಯುವುದು’. ಅದು ಬರ್ಮಿಂಗ್‌ಹ್ಯಾಮಿಗೆ ಒಪ್ಪುವ ವರ್ಣನೆಯೇ ಹೌದು. ಆದರೆ ಆ ಗದ್ದಲದೊಳಗೆ ನಮಗೆ ಪರಿಚಿತವಾದ ಕೆಲವು ಸಂಗತಿಗಳಿವೆ.

ಈ ಸಂಗೀತದ ಮುಖ್ಯ ಸಾಮಗ್ರಿಯನ್ನು ‘ಪವರ್ ಕಾರ್ಡ್’ ಎನ್ನುತ್ತಾರೆ. ಅದು ಬೇರೇನಲ್ಲ, ಷಡ್ಜ ಮತ್ತು ಪಂಚಮಗಳನ್ನು ಒಟ್ಟಿಗೆ ಮೀಟುವುದು. ತಂಬೂರಿಯಲ್ಲಿ ನಾವು ಕೇಳುವ ಜೋಡಿಯೇ ಅದು. ಗಿಟಾರಿನ ನಾದವನ್ನು ಧ್ವನಿವರ್ಧಕದಲ್ಲಿ ಅತಿಯಾಗಿ ಹಿಗ್ಗಿಸಿ ಒರಟಾಗಿಸಿದಾಗ ಗಾಂಧಾರದಂತಹ ಸ್ವರ ಜೊತೆಗಿದ್ದರೆ ನಾದ ಕಲಸಿಹೋಗುತ್ತದೆ. ಸ-ಪ ಮಾತ್ರವಿದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ತಂಡದ ಹೆಸರನ್ನೇ ಹೊತ್ತ ಅವರ ಮೊದಲ ಹಾಡಿನಲ್ಲಿ ಅಯೋಮಿ ಷಡ್ಜದಿಂದ ಪಂಚಮಕ್ಕೆ ಹೋಗದೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಪ್ರತಿಮಧ್ಯಮದಲ್ಲಿ ನಿಲ್ಲುತ್ತಾರೆ. ಆ ಹಾಡು ಹುಟ್ಟಿಸುವ ಕಳವಳದ ಗುಟ್ಟು ಅದೇ.

1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಧ್ವನಿಮುದ್ರಿಕೆಯ ಹಲವು ಹಾಡುಗಳಲ್ಲಿ ಅವರು ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಿದರು. ಇದರಿಂದ ತಂತಿ ಎಷ್ಟು ಸಡಿಲವಾಯಿತೆಂಬುದನ್ನು ನಮ್ಮ ಹೈಸ್ಕೂಲಿನ ಮಕ್ಕಳೇ ಲೆಕ್ಕ ಹಾಕಬಹುದು. ಒಂದು ಅಷ್ಟಕದಲ್ಲಿ ಹನ್ನೆರಡು ಅರ್ಧಸ್ವರಗಳು. ಒಂದು ಅಷ್ಟಕ ಇಳಿದರೆ ಕಂಪನಸಂಖ್ಯೆ ಅರ್ಧವಾಗುತ್ತದೆ. ಮೂರು ಅರ್ಧಸ್ವರ ಇಳಿದಾಗ ಅದು ಮೊದಲಿನ ಶೇಕಡಾ 84ರಷ್ಟಕ್ಕೆ ಬರುತ್ತದೆ. ತಂತಿಯ ಬಿಗಿತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾದುದರಿಂದ ಬಿಗಿತ ಸುಮಾರು ಶೇಕಡಾ 71ಕ್ಕೆ ಇಳಿಯುತ್ತದೆ. ಎಂದರೆ ಟೊಪ್ಪಿ ತೊಟ್ಟ ಬೆರಳಿಗೆ ಹೊರೆ ಶೇಕಡಾ 29ರಷ್ಟು ಕಡಿಮೆ. ನೋವು ತಗ್ಗಿಸಲು ಸಡಿಲಿಸಿದ ತಂತಿಯಿಂದ ಬಂದ ಆ ಮಂದ್ರದ ಭಾರವೇ ಮುಂದೆ ಒಂದು ಸಂಗೀತಪ್ರಕಾರದ ಗುರುತಾಯಿತು. ಇಂದು ಹತ್ತು ಬೆರಳುಗಳೂ ನೆಟ್ಟಗಿರುವ ವಾದಕರು ಕೂಡ ಶ್ರುತಿ ಇಳಿಸಿಕೊಂಡೇ ನುಡಿಸುತ್ತಾರೆ.

ಈ ಸಂಗೀತ ನಮ್ಮಿಂದ ದೂರವೂ ಉಳಿದಿಲ್ಲ. 2007ರ ಮಾರ್ಚ್ 17ರಂದು ‘ಐರನ್ ಮೇಡನ್’ ತಂಡವೂ, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ತಂಡವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು. ಬೆಂಗಳೂರಿನದೇ ಆದ ‘ಕ್ರಿಪ್ಟೋಸ್’ 1998ರಿಂದ ನುಡಿಸುತ್ತ ಬಂದಿದೆ. ನಮ್ಮ ನೆರೆಯ ಜಿಲ್ಲೆಯಾದ ಕಣ್ಣೂರಿನಿಂದ ‘ದಿ ಡೌನ್ ಟ್ರಾಡೆನ್ಸ್’ ಎಂಬ ಮೆಟಲ್ ತಂಡ ಬಂದಿದೆ. ನನ್ನ ಅಳಿಯನಿಗೆ ಇವೆಲ್ಲವೂ ಬಾಯಿಪಾಠ. 2025ರ ಜುಲೈ 5ರಂದು ಬ್ಲ್ಯಾಕ್ ಸಬತ್ ತಂಡದ ಮೂಲ ನಾಲ್ವರು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ಕೊನೆಯ ಬಾರಿ ಒಟ್ಟಾಗಿ ನುಡಿಸಿದರು. ಹದಿನೇಳು ದಿನಗಳಲ್ಲೇ, ಜುಲೈ 22ರಂದು, ತಂಡದ ಗಾಯಕ ಆಸಿ ಆಸ್ಬರ್ನ್ ತೀರಿಕೊಂಡರು. ಆ ಸುದ್ದಿ ಬಂದ ವಾರವೇ ಹುಡುಗ ಗಿಟಾರು ತರಿಸಲು ಹಣ ಕಳುಹಿಸಿದ್ದು. ದುಃಖದಲ್ಲಿ ಮಾಡಿದ ಖರೀದಿಯಲ್ಲಿ ವಿಚಾರಣೆ ಕಡಿಮೆ.

ಸಹಿಯ ವ್ಯಾಪಾರ

ಪ್ರಸಿದ್ಧ ವಾದಕರ ಹೆಸರು ಹೊತ್ತು ಮಾರಾಟಕ್ಕೆ ಬರುವ ಗಿಟಾರುಗಳನ್ನು ಸಿಗ್ನೇಚರ್ ಗಿಟಾರ್ ಎಂದು ಕರೆಯುತ್ತಾರೆ. ವಾದಕರು ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಸಹಿ ಮಾಡಿ ಕೊಡುತ್ತಾರೆಂದು ಮಕ್ಕಳು ತಿಳಿಯುವುದುಂಟು. ಹಾಗಲ್ಲ. ಅದು ಒಂದು ಕರಾರಿನ ಫಲ. ನನ್ನ ಹೆಸರನ್ನು ಇಂತಹ ವಾದ್ಯದ ಮೇಲೆ ಹಾಕಿಕೊಳ್ಳಬಹುದು, ವಿನ್ಯಾಸಕ್ಕೆ ನನ್ನ ಒಪ್ಪಿಗೆ ಬೇಕು, ಮಾರಾಟದಲ್ಲಿ ನನಗೆ ಇಷ್ಟು ಪಾಲು ಸಲ್ಲಬೇಕು ಎಂದು ವಾದಕರು ತಯಾರಕರೊಂದಿಗೆ ಮಾಡಿಕೊಳ್ಳುವ ಒಪ್ಪಂದ. ಅಮೆರಿಕದ ಗಿಬ್ಸನ್ ಕಂಪನಿಯು 1920ರ ದಶಕದ ಕೊನೆಯಲ್ಲೇ ನಿಕ್ ಲ್ಯೂಕಸ್ ಎಂಬ ಗಾಯಕರ ಹೆಸರಿನಲ್ಲಿ ಗಿಟಾರು ತಂದಿತ್ತು. 1952ರಲ್ಲಿ ಅದೇ ಕಂಪನಿ ಲೆಸ್ ಪಾಲ್ ಅವರ ಹೆಸರಿನಲ್ಲಿ ತಂದ ವಿದ್ಯುತ್ ಗಿಟಾರು ಜಗತ್ಪ್ರಸಿದ್ಧವಾಯಿತು.

ಅಯೋಮಿಯವರ ಕೈಯಲ್ಲಿರುವ ಎರಡು ಕೊಂಬಿನ ಗಿಟಾರಿನ ಕಥೆ ಇಲ್ಲಿಂದಲೇ ಆರಂಭ. 1961ರಲ್ಲಿ ಗಿಬ್ಸನ್ ತನ್ನ ಲೆಸ್ ಪಾಲ್ ಗಿಟಾರಿನ ರೂಪವನ್ನು ಪೂರ್ತಿ ಬದಲಿಸಿತು. ಒಡಲು ತೆಳುವಾಯಿತು, ತೂಕ ಇಳಿಯಿತು, ಎರಡೂ ಬದಿಯಲ್ಲಿ ಚೂಪಾದ ಕೊಂಬುಗಳು ಬಂದವು. ಹೆಸರು ಮಾತ್ರ ಲೆಸ್ ಪಾಲ್ ಅವರದೇ ಉಳಿಯಿತು. ಆದರೆ ಹೊಸ ರೂಪ ಅವರಿಗೆ ಹಿಡಿಸಲಿಲ್ಲ. ಕರಾರು ಮುಂದುವರಿಯಲೂ ಇಲ್ಲ. 1963ರ ಸುಮಾರಿಗೆ ಗಿಟಾರಿನ ತಲೆಯಿಂದ ಅವರ ಹೆಸರು ಅಳಿಯಿತು. ಹೆಸರಿಲ್ಲದೆ ಉಳಿದ ವಾದ್ಯಕ್ಕೆ ಕಂಪನಿ ‘ಎಸ್‌ಜಿ’ ಎಂಬ ಎರಡಕ್ಷರವನ್ನಿಟ್ಟಿತು. ‘ಸಾಲಿಡ್ ಗಿಟಾರ್’ ಎಂಬುದರ ಹ್ರಸ್ವರೂಪವಷ್ಟೆ.

ಬ್ಲ್ಯಾಕ್ ಸಬತ್ ತಂಡದ ಮೊದಲ ಧ್ವನಿಮುದ್ರಣಕ್ಕೆ ಅಯೋಮಿ ಒಯ್ದದ್ದು ಬೇರೊಂದು ಕಂಪನಿಯ ಗಿಟಾರು. ಒಂದು ಹಾಡು ಮುಗಿಯುವಷ್ಟರಲ್ಲಿ ಅದರ ಪಿಕಪ್ ಕೆಟ್ಟಿತು. ಜೊತೆಯಲ್ಲಿ ಕಾದಿರಿಸಿದ್ದ ಎಸ್‌ಜಿಯನ್ನು ಎತ್ತಿಕೊಂಡರು, ಮತ್ತೆ ಕೆಳಗಿಡಲಿಲ್ಲ. ಪಿಟೀಲು ನುಡಿಸುವ ಕೋತಿಯ ಚಿತ್ರವೊಂದನ್ನು ಅದಕ್ಕೆ ಅಂಟಿಸಿದ್ದರಿಂದ ಅದಕ್ಕೆ ‘ಮಂಕಿ’ ಎಂಬ ಹೆಸರೇ ನಿಂತಿತು. ಒಬ್ಬರು ತಮ್ಮ ಸಹಿ ಬೇಡವೆಂದು ತೆಗೆಸಿದ ಗಿಟಾರು ಇನ್ನೊಬ್ಬರ ಕೈಯಲ್ಲಿ ಹಾಡಿ ಕೊನೆಗೆ ಅವರ ಸಹಿಯನ್ನೇ ಪಡೆಯಿತು.

ಈ ಸಹಿಗೆ ಮೂರು ಬೆಲೆಗಳಿವೆ. 2020ರಲ್ಲಿ ಗಿಬ್ಸನ್ನಿನ ವಿಶೇಷ ಕಾರ್ಯಾಗಾರವು ‘ಮಂಕಿ’ಯ ಯಥಾಪ್ರತಿಗಳನ್ನು ಮಾಡಿತು. ಒಟ್ಟು 50 ಮಾತ್ರ. ಅದರಲ್ಲಿ ಅರ್ಧ ಎಡಚರಿಗೆ. ಬಳಿಕ ಅಮೆರಿಕದ ಕಾರ್ಖಾನೆಯಲ್ಲಿ ತಯಾರಾದ ಮಾದರಿ ಬಂತು. ಕೊನೆಗೆ, ಸಾಮಾನ್ಯರ ಕೈಗೆಟಕುವಂತೆ, ‘ಎಪಿಫೋನ್’ ಹೆಸರಿನಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯದೊಂದು ಬಂತು.

ಎಪಿಫೋನ್ ಎಂದರೆ ಗಿಬ್ಸನ್ನಿನ ನಕಲಲ್ಲ. ಗ್ರೀಕ್ ಮೂಲದ ಸ್ತಾಥೊಪೂಲೊ ಕುಟುಂಬ 1873ರಿಂದ ನಡೆಸಿಕೊಂಡು ಬಂದ ವಾದ್ಯ ತಯಾರಿಕೆಯ ಮುಂದುವರಿಕೆ ಅದು. ಆ ಮನೆಯ ಮಗ ಎಪಾಮಿನಾಂಡಸ್, ಪ್ರೀತಿಯ ಹೆಸರು ‘ಎಪಿ’. ಅದಕ್ಕೆ ಗ್ರೀಕಿನಲ್ಲಿ ಧ್ವನಿ ಎಂಬರ್ಥದ ‘ಫೋನ್’ ಸೇರಿ ಎಪಿಫೋನ್ ಆಯಿತು. 1957ರಲ್ಲಿ ಗಿಬ್ಸನ್ನಿನ ಒಡೆತನದ ಸಂಸ್ಥೆ ಅದನ್ನು ಕೊಂಡಿತು. ಇಂದು ಎಪಿಫೋನಿನ ಬಹುಪಾಲು ಗಿಟಾರುಗಳು ಚೀನಾದಲ್ಲಿ ತಯಾರಾಗುತ್ತವೆ. ಮಹೋಗನಿ ಮರದ ಒಡಲು, ‘ಪಿ-90’ ಎಂಬ ಬಗೆಯ ಎರಡು ಪಿಕಪ್‌ಗಳು, 22 ಮೆಟ್ಟಿಲುಗಳು (ನಮ್ಮ ವೀಣೆಗೆ 24), ಎಡಚರಿಗೂ ಒಂದು ಮಾದರಿ. ಅಯೋಮಿ ಹೆಸರಿನ ಎಪಿಫೋನಿನ ಲಕ್ಷಣಗಳಿವು. ಕಾನೂನಿನ ದೃಷ್ಟಿಯಲ್ಲಿ ಮೂರೂ ಅಸಲಿ. ಒಪ್ಪಿಗೆಯಿರುವ ಸಹಿ ಅಗ್ಗದ್ದಾದ ಮಾತ್ರಕ್ಕೆ ನಕಲಿಯಾಗದು. ಒಪ್ಪಿಗೆಯಿಲ್ಲದ್ದು ಎಷ್ಟೇ ಅಂದವಾಗಿದ್ದರೂ ಅಸಲಿಯಾಗದು.

ಆದರೆ ಸಾವಿರ ಡಾಲರಿಗಿಂತ ಕಡಿಮೆ ಎಂಬ ಬೆಲೆ ಸಾಗಣೆ, ಸುಂಕ, ತೆರಿಗೆಗಳನ್ನು ದಾಟಿ ನಮ್ಮ ಮನೆಬಾಗಿಲಿಗೆ ಬರುವಾಗ ಎಷ್ಟಾದೀತು? ಅದು 14,000 ರೂಪಾಯಿ ಆಗಲಾರದೆಂಬುದನ್ನು ಯಾರೂ ಊಹಿಸಬಹುದು. ಹುಡುಗನೂ ಊಹಿಸಿದ್ದ. “ಕಡಿಮೆಗೆ ಸಿಗ್ತಾ ಉಂಟು ಅಂತ ಗೊತ್ತಿತ್ತು ಮಾವ. ಆದರೂ ಆಸೆಯಾಯಿತು” ಎಂದ. ನನ್ನ ಕಕ್ಷಿದಾರರಲ್ಲಿ ಇಷ್ಟು ನೇರವಾಗಿ ಮಾತಾಡುವವರು ಕಡಿಮೆ.

ಕಾನೂನು ಏನು ಹೇಳುತ್ತದೆ

ಒಬ್ಬರ ಹೆಸರು ಅವರ ಸ್ವತ್ತು. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 14ನೆಯ ಕಲಮಿನಂತೆ, ಬದುಕಿರುವ ವ್ಯಕ್ತಿಯ ಅಥವಾ ತೀರಿಕೊಂಡು 20 ವರ್ಷ ಕಳೆಯದ ವ್ಯಕ್ತಿಯ ಸಂಬಂಧವಿದೆಯೆಂದು ಸುಳ್ಳಾಗಿ ಸೂಚಿಸುವ ಚಿಹ್ನೆಯನ್ನು ನೋಂದಾಯಿಸಲು ಬಂದವರಿಂದ, ಆ ವ್ಯಕ್ತಿಯ ಅಥವಾ ವಾರಸುದಾರರ ಲಿಖಿತ ಒಪ್ಪಿಗೆಯನ್ನು ಅಧಿಕಾರಿ ಕೇಳಬಹುದು. ಅದೇ ಕಾಯ್ದೆಯ 103 ಮತ್ತು 104ನೆಯ ಕಲಮುಗಳು ಸುಳ್ಳು ಚಿಹ್ನೆ ಹಚ್ಚುವವರಿಗೂ ಅಂತಹ ಸರಕು ಮಾರುವವರಿಗೂ ಆರು ತಿಂಗಳಿಂದ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗಿನ ದಂಡವನ್ನೂ ವಿಧಿಸುತ್ತವೆ. ಸಂಗೀತಗಾರರ ಹೆಸರಿನ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೂ ಬಂದಿದೆ: ಗಾಯಕ ದಲೇರ್ ಮೆಹಂದಿ ಅವರ ಹೋಲಿಕೆಯ, ಅವರ ಹಾಡನ್ನೇ ಹಾಡುವ ಗೊಂಬೆಗಳನ್ನು ಒಪ್ಪಿಗೆಯಿಲ್ಲದೆ ಮಾರುತ್ತಿದ್ದ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2010ರಲ್ಲಿ ಗಾಯಕರ ಪರವಾಗಿ ತೀರ್ಪಿತ್ತಿತು.

ಆದರೆ ಅಯೋಮಿಯವರ ಹಕ್ಕನ್ನು ಅಯೋಮಿಯವರೇ ನೋಡಿಕೊಳ್ಳಲಿ. ಮೋಸಹೋದ ಮನೆಯವರಿಗೆ ಬೇಕಾದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಈ ಪತ್ರಿಕೆಯನ್ನು ಓದುವ ಪ್ರತಿಯೊಂದು ಮನೆಯೂ ಇದನ್ನು ತಿಳಿದಿರುವುದು ಒಳ್ಳೆಯದು. ಗಿಟಾರಿಗೆ ಮಾತ್ರವಲ್ಲ, ಪಂಪಿನಿಂದ ಹಿಡಿದು ಪಾದರಕ್ಷೆಯವರೆಗೆ ಇದು ಅನ್ವಯ. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅಷ್ಟೆ. ಮಾರಾಟಗಾರ ಯಾವ ಊರಿನಲ್ಲಿದ್ದರೂ ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಅವಕಾಶವಿದೆ. ಮೊದಲ ಹೆಜ್ಜೆಯಾಗಿ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು.

ಮಾರಾಟಗಾರನ ಉತ್ತರ ಒಂದೇ ಸಾಲಿನದು: ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗದು. ಹಾಗಾಗಿ ನಾನು ನೋಟಿಸು ಬರೆದೆ. ಬರೆದ ಮೇಲೆ ಒಂದು ತೊಡಕು ಕಂಡಿತು. ಹಣ ಹುಡುಗನದು, ಆಸೆ ಹುಡುಗನದು; ಆದರೆ ಅವನು ಅಪ್ರಾಪ್ತ ವಯಸ್ಕ. ಖರೀದಿಯಾದದ್ದು ಅಕ್ಕನ ಖಾತೆಯಿಂದ, ಅಕ್ಕನ ಹೆಸರಿನಲ್ಲಿ. ಗ್ರಾಹಕಳು ಅಕ್ಕನೇ. ಸಹಿ ಅವಳದೇ ಬೇಕು.

ಓದದೆ ಹಾಕದ ಸಹಿ

ಗಿಟಾರು ಬಂದ ದಿನದಿಂದ ಅಕ್ಕ ಮಗನೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ಹತ್ತನೆಯ ತರಗತಿ, ಪರೀಕ್ಷೆಯ ವರ್ಷ. ಜೊತೆಗೆ ಕೂಡಿಟ್ಟ ಹಣವೆಲ್ಲ ಹೋಯಿತೆಂಬ ಸಂಕಟ. ಕಾಗದ ಹಿಡಿದುಕೊಂಡು ನಾವಿಬ್ಬರೂ ಹೋದಾಗ ಅವಳು ಅಂಗಳದ ಬದಿಯ ಚಾವಡಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದಳು. ಕತ್ತಿ ತಗಲದಂತೆ ಬೆರಳುಗಳಿಗೆ ಬಟ್ಟೆಯ ಚಿಂದಿ ಸುತ್ತಿದ್ದಳು.

“ಎಲ್ಲಿ ಸಹಿ ಹಾಕಬೇಕು ಅಂತ ಹೇಳಬೇಡ. ಏನು ಬರೆದದ್ದು ಅಂತ ಮೊದಲು ಹೇಳು” ಎಂದಳು ನನಗೆ.

ನೋಟಿಸು ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ಹುಡುಗನಿಗೇ ಬಿಟ್ಟೆ. ಅವನು ಒಂದೊಂದೇ ಕಂಡಿಕೆಯನ್ನು ಓದಿ ಹೇಳಿದ. ಎರಡನೆಯ ಕಂಡಿಕೆಯಲ್ಲಿ ಟೋನಿ ಅಯೋಮಿ ಎಂಬ ಹೆಸರು ಬಂತು. ಅಕ್ಕ ತಡೆದು, “ಅವನು ಯಾರು?” ಎಂದಳು. ಹುಡುಗ ಹೇಳತೊಡಗಿದ. ಕಾರ್ಖಾನೆಯ ಕೊನೆಯ ದಿನದ ಕೆಲಸ, ತುಂಡಾದ ಬೆರಳುಗಳು, ಕರಗಿಸಿದ ಸೀಸೆ, ಚರ್ಮದ ಚೂರು, ಸಡಿಲಿಸಿದ ತಂತಿ. ಎಲ್ಲವನ್ನೂ ಅವನು ನನಗಿಂತ ಚೆನ್ನಾಗಿ ಹೇಳಿದ. ಅಕ್ಕನ ಕೈ ನಿಂತಿತ್ತು.

“ಅವನ ತಾಯಿ ಏನು ಹೇಳಿದಳಂತೆ?” ಎಂದಷ್ಟೇ ಕೇಳಿದಳು.

ಹುಡುಗ ತಡವರಿಸಿದ. ಆಮೇಲೆ, ಕೊನೆಯ ದಿನ ಕೆಲಸಕ್ಕೆ ಹೋಗುವುದಿಲ್ಲವೆಂದು ಕುಳಿತಿದ್ದ ಮಗನನ್ನು, ಹಿಡಿದ ಕೆಲಸ ಮುಗಿಸಿ ಬಾ ಎಂದು ಕಳುಹಿಸಿದ್ದೇ ಆ ತಾಯಿಯಂತೆ ಎಂದ. ಅಯೋಮಿಯವರೇ ಅದನ್ನು ಹೇಳಿಕೊಂಡಿದ್ದಾರೆ. ಅಕ್ಕ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬೆರಳಿನ ಚಿಂದಿಗಳನ್ನು ಒಂದೊಂದಾಗಿ ಬಿಚ್ಚಿ, ಕೈ ಒರೆಸಿಕೊಂಡು, ಉಳಿದ ಕಂಡಿಕೆಗಳನ್ನೂ ಓದಿಸಿ ಕೇಳಿ, ಕನ್ನಡದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಹಣ ಮರಳಲು ಐದು ವಾರಗಳಾದವು. ಗಿಟಾರನ್ನು ಹಿಂದಕ್ಕೆ ಕಳುಹಿಸಿದ ಖರ್ಚು ನಮ್ಮ ತಲೆಗೇ ಬಂತು. ಆಯೋಗದ ಮೆಟ್ಟಿಲು ಹತ್ತದೆಯೇ ಮುಗಿಯಿತೆಂದು ಅದನ್ನು ಬಿಟ್ಟುಕೊಟ್ಟೆವು.

ಕೊಳ್ಳುವವರಿಗೆ ನಾಲ್ಕು ಮಾತು

ಈ ಪ್ರಕರಣದಿಂದ ನಾನು ಕಲಿತದ್ದನ್ನು ಇತರ ಹೆತ್ತವರಿಗಾಗಿ ಬರೆದಿಡುತ್ತೇನೆ. ವಿದ್ಯುತ್ ಗಿಟಾರಿನಲ್ಲಿ ನಾದವನ್ನು ಹಿಡಿಯುವುದು ಪಿಕಪ್. ಅಯಸ್ಕಾಂತದ ಸುತ್ತ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನಮ್ಮ ಮಕ್ಕಳ ಹತ್ತನೆಯ ತರಗತಿಯ ಭೌತಶಾಸ್ತ್ರದಲ್ಲಿರುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಒಂದೇ ಸುರುಳಿಯ ಪಿಕಪ್ ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್ ಶಬ್ದವನ್ನೂ ಹಿಡಿಯುತ್ತದೆ. ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿದ ‘ಹಂಬಕರ್’ ಅದನ್ನು ಅಳಿಸುತ್ತದೆ. ಮೆಟಲ್ ನುಡಿಸುವವರಲ್ಲಿ ಹೆಚ್ಚಿನವರು ಎರಡನೆಯದನ್ನು ಬಯಸುತ್ತಾರೆ. ಅಯೋಮಿಯವರ ಸಹಿ ಗಿಟಾರಿನಲ್ಲಿರುವ ಪಿ-90 ಒಂದೇ ಸುರುಳಿಯದು. ಎಂದರೆ ಮೆಟಲ್ ಜನಕನ ಹೆಸರಿನ ಗಿಟಾರೇ ಕಲಿಯುವ ಹುಡುಗನಿಗೆ ಹೆಚ್ಚು ಅನುಕೂಲ ಎಂದೇನೂ ಇಲ್ಲ.

ಬಿರಡೆ ತಿರುಗಿಸಿ, ತಂತಿಯನ್ನು ಹತ್ತು ಬಾರಿ ಎಳೆದು ಬಿಟ್ಟ ಮೇಲೂ ಶ್ರುತಿ ನಿಲ್ಲುತ್ತದೆಯೇ ನೋಡಿ. ಕುತ್ತಿಗೆಯ ಅಂಚಿನಲ್ಲಿ ಬೆರಳಾಡಿಸಿ. ಮೆಟ್ಟಿಲಿನ ತುದಿ ಚುಚ್ಚಬಾರದು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ ಬಿಡುತಂತಿಯ ಮೇಲಿನ ಷಡ್ಜವೇ ಬರಬೇಕು. ಬಾರದಿದ್ದರೆ ಕುದುರೆಯನ್ನು ಸರಿಹೊಂದಿಸಬೇಕು, ಹೊಂದದಿದ್ದರೆ ವಾದ್ಯವೇ ಸರಿಯಿಲ್ಲ. ಎಡಚ ಮಕ್ಕಳಿದ್ದರೆ ಎಡಗೈಯ ಮಾದರಿಯನ್ನು ಮೊದಲೇ ವಿಚಾರಿಸಿ. ಬಿಲ್ಲು ಕೇಳಿ ಪಡೆಯಿರಿ. ಸಹಿಗೆ ಕೊಡುವ ಹೆಚ್ಚಿನ ಹಣ ಅಭಿಮಾನಕ್ಕೆ ಕೊಡುವ ಕಾಣಿಕೆ. ಕೊಡಬಾರದೆಂದಲ್ಲ, ಕೊಡುತ್ತಿದ್ದೇವೆಂದು ತಿಳಿದು ಕೊಡಬೇಕು.

ನಾವು ಮಂಗಳೂರಿನ ಅಂಗಡಿಯೊಂದಕ್ಕೆ ಹೋಗಿ, ಈ ಎಲ್ಲವನ್ನೂ ನೋಡಿ, ಯಾರ ಸಹಿಯೂ ಇಲ್ಲದ, ಯಾರೋ ಬಳಸಿ ಬಿಟ್ಟ ಕಪ್ಪು ಗಿಟಾರೊಂದನ್ನು ತಂದೆವು. ಕಿವಿಗೆ ಹಾಕಿಕೊಂಡು ಕೇಳುವ ಸಣ್ಣ ಧ್ವನಿವರ್ಧಕವೊಂದನ್ನೂ ತಂದೆವು. ಎರಡೂ ಸೇರಿ 13,200 ರೂಪಾಯಿ. ಉಳಿದ ಹಣದಲ್ಲಿ ಎರಡು ಜೋಡಿ ತಂತಿ.

ಮೊನ್ನೆ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಹುಡುಗ ಚಾವಡಿಯ ಮೂಲೆಯಲ್ಲಿ ಕುಳಿತು, ಶ್ರುತಿ ಇಳಿಸಿ, ಸ-ಪ ಜೋಡಿಗಳನ್ನು ನಿಧಾನವಾಗಿ ಮೀಟುತ್ತಿದ್ದ. ನಾದವೆಲ್ಲ ಅವನ ಕಿವಿಯೊಳಗೆ. ಹೊರಗೆ ಕೇಳುತ್ತಿದ್ದುದು ತಂತಿಯ ಸಣ್ಣ ಟಿಣ್ ಟಿಣ್ ಮಾತ್ರ. ಅಕ್ಕ ಪಕ್ಕದಲ್ಲೇ ಅಡಿಕೆ ಸುಲಿಯುತ್ತಿದ್ದಳು.

“ನೀನು ಸುಮ್ಮನೆ ಹೆದರಿಸಿದೆ ಮಾರಾಯ. ಚೆಂಡೆಗಿಂತ ಇದುವೇ ಎಷ್ಟೋ ವಾಸಿ” ಎಂದಳು.